ಸ್ವಲ್ಪ ಭಾರದ ಒಂದು ಕಪಾಟು

ಎರ್ಜಿಂಜಾನ್
೩ ಮಾರ್ಚ್ ೨೦೧೯

ಪ್ರೀತಿಯ ಹಿಕ್ಮೆತ್ ಅಣ್ಣನಿಗೆ,

ನಿನ್ನ ಕಿವಿ ಹೇಗಿದೆ? ಹೋದ ಸಲ ಫೋನಿನಲ್ಲಿ ನಾನು "ಕಾಲು ನೋಯ್ತಿದೆ" ಅಂದದ್ದು ನಿನಗೆ "ಹಾಲು ಕಾಯ್ತಿದೆ" ಅಂತ ಕೇಳಿಸಿ, "ಹಾಗಾದ್ರೆ ಹೋಗು, ಉಕ್ಕೀತು" ಅಂತ ಇಟ್ಟೇಬಿಟ್ಟೆಯಲ್ಲ, ಅವತ್ತೇ ತೀರ್ಮಾನ ಮಾಡಿದೆ, ಇನ್ನು ಈ ಮನುಷ್ಯನ ಹತ್ತಿರ ಕಾಗದದಲ್ಲೇ ಮಾತು ಅಂತ. ಬರೆದರೆ ನೀನು ಚಿತ್ರ ಬಿಡಿಸಿ ಕಳಿಸಬಹುದು. ನನಗೆ ಈಗ ಬೇಕಾಗಿರುವುದೂ ಅದೇ.

ನನ್ನ ಜೆವಾತ್ ತೀರಿಹೋಗಿ, ಬರುವ ತಿಂಗಳಿಗೆ ವರ್ಷ ತುಂಬುತ್ತದೆ. ರಜಾಯಿ ಅಂಗಡಿಯ ಬಾಗಿಲನ್ನು ನಾನು ದಿನಾ ತೆಗೆಯುತ್ತೇನೆ. ಒಳಗೆ ಕೂತು ಬೀದಿ ನೋಡುತ್ತೇನೆ. ಉಣ್ಣೆಯ ರಜಾಯಿ ಈಗ ಊರಲ್ಲಿ ಯಾರಿಗೂ ಬೇಡ. ಮದುವೆಯಾಗುವ ಹುಡುಗಿಯರು ಕೂಡ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಬರುವ ಫೈಬರಿನದನ್ನೇ ಒಯ್ಯುತ್ತಾರೆ. ಅವನು ರಜಾಯಿ ಮುಟ್ಟಿಸಿ ಬರುತ್ತಿದ್ದ ಬಿಳಿ ವ್ಯಾನು ಅಂಗಳದಲ್ಲಿ ಹಿಮ ಹೊದ್ದು ನಿಂತಿದೆ. ಮೊನ್ನೆ ಬ್ಯಾಟರಿ ಬದಲಿಸಿ ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಎದ್ದಿತು.

ಅದರೊಳಗೆ ಒಂದು ಮನೆ ಮಾಡಬೇಕು ಅಂತಿದ್ದೇನೆ ಅಣ್ಣ. ಮಲಗಲು ಮಂಚ, ಒಂದು ಒಲೆ, ನೀರಿನ ಡ್ರಮ್ಮು, ಕಪಾಟುಗಳು. ನಗಬೇಡ. ಡ್ರಿಲ್ಲು ಹಿಡಿಯಲು ನನಗೆ ಬರುತ್ತದೆ, ಅಂಗಡಿಯ ಹಲಗೆಗಳನ್ನೆಲ್ಲ ಹೊಡೆದದ್ದು ನಾನೇ. ಆದರೆ ಇದು ಗೋಡೆಯಲ್ಲ, ಓಡುವ ತಗಡು. ಬೆರಳಲ್ಲಿ ಒತ್ತಿದರೆ ಟೊಮೆಟೊ ಡಬ್ಬಿಯ ಹಾಗೆ ಒಳಗೆ ಹೋಗುತ್ತದೆ. ಇದಕ್ಕೆ ಕಪಾಟನ್ನು ಅಲುಗಾಡದ ಹಾಗೆ ಕೂರಿಸುವುದು ಹೇಗೆ? ಬೋಟಿಗೂ ವ್ಯಾನಿಗೂ ಜೀವಮಾನವೆಲ್ಲ ಅದನ್ನೇ ಮಾಡಿದವನು ನೀನು.

ಒಂದು ಕಪಾಟು ಸ್ವಲ್ಪ ಭಾರ. ಅಷ್ಟೇ.

ಮುವಲ್ಲಾ ಅತ್ತಿಗೆಗೆ ಮುತ್ತು.

ನಿನ್ನ ತಂಗಿ
ನೆಸಿಬೆ


ಆಯ್ವಾಲಿಕ್
೧೨ ಮಾರ್ಚ್ ೨೦೧೯

ನೆಸಿಬೆ, ನನ್ನ ಬಂಗಾರ,

ಅಂತೂ ನಿನಗೆ ಬುದ್ಧಿ ಬಂತು! ಪತ್ರ ಓದಿ ಮುಗಿಸುವ ಮೊದಲೇ ಅಡುಗೆಮನೆಗೆ ಹೋಗಿ "ನೋಡೇ, ನೆಸಿಬೆ ಬರ್ತಾ ಇದ್ದಾಳೆ!" ಅಂದೆ. ಮುವಲ್ಲಾ ಪತ್ರ ಕಸಿದುಕೊಂಡು ಓದಿ, "ಹಾಗಂತ ಎಲ್ಲಿ ಬರೆದಿದ್ದಾಳೆ?" ಅಂತ ಕೇಳಿದಳು. "ಬರೀದೆ ಇದ್ರೇನು? ಅಲ್ಲಿ ಒಬ್ಬಳೇ ಕೂತು ಬೀದಿ ನೋಡೋಳು ವ್ಯಾನಲ್ಲಿ ಮನೆ ಕಟ್ಟೋದು ಮತ್ತ್ಯಾಕೆ? ಗಂಟು ಮೂಟೆ ಕಟ್ಟೋಕೆ!" ಅಂದೆ. ಅವಳು ಹುಬ್ಬು ಏರಿಸಿದಳು. ಏರಿಸಲಿ. ಈಗ ಈ ಪತ್ರವನ್ನು ಬರೆಯುತ್ತಿರುವವಳೂ ಅವಳೇ. ನನಗೆ ಕೆಲಸದ ಒತ್ತಡ, ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ.

ನಮ್ಮ ಅಂಗಳದಲ್ಲಿ ವ್ಯಾನಿಗೆ ಜಾಗ ಬೇಕಾದಷ್ಟಿದೆ. ಸಮುದ್ರದ ಗಾಳಿ ನಿನ್ನ ಕಾಲಿಗೂ ಒಳ್ಳೆಯದು.

ಈಗ ಕೇಳು. ತಗಡಿಗೆ ಏನನ್ನೂ ಕಚ್ಚಿಸಬೇಡ. ತಗಡು ವ್ಯಾನಿನ ಚರ್ಮ, ಅದರೊಳಗೆ ಪಕ್ಕೆಲುಬುಗಳಿವೆ. ಬೆರಳ ಗೆಣ್ಣಿನಲ್ಲಿ ತಟ್ಟುತ್ತ ಹೋಗು, ಸದ್ದು ದಪ್ಪವಾದ ಕಡೆ ಪಕ್ಕೆಲುಬು ಸಿಗುತ್ತದೆ. ಕಪಾಟಿನ ಬೆನ್ನು ಅದಕ್ಕೇ ಸೇರಬೇಕು. ಪಕ್ಕೆಲುಬಿನ ಆಚೆ ಬದಿಗೆ ನಟ್ಟು ಹಿಡಿಯಲು ಕೈ ಹೋಗುವುದಿಲ್ಲ, ಅದಕ್ಕೆ ತೂತಿನೊಳಗೇ ಅರಳಿ ಕೂರುವ ನಟ್ಟುಗಳಿವೆ, ಕಳಿಸುತ್ತೇನೆ. ಮೇಲಿನ ಕಪಾಟಿನಲ್ಲಿ ಹಗುರದ್ದು, ಕೆಳಗೆ ಭಾರದ್ದು. ಬಾಗಿಲುಗಳಿಗೆ ಒತ್ತಿ ತೆಗೆಯುವ ಚಿಲಕ ಹಾಕು, ಅಯಸ್ಕಾಂತ ನಂಬಬೇಡ, ತಿರುವಿನಲ್ಲಿ ಎಲ್ಲ ಬಾಯಿಬಿಡುತ್ತವೆ.

ಆದರೆ ಅತಿ ಮಾಡಬೇಡ. ಒಂದು ಸಲ ಇಲ್ಲಿಗೆ ಬಂದು ಮುಟ್ಟುವಷ್ಟು ಗಟ್ಟಿಯಾದರೆ ಸಾಕು. ಆಮೇಲೆ ನಿಂತೇ ಇರುತ್ತದಲ್ಲ.

ನಿನ್ನ ಅಣ್ಣ
ಹಿಕ್ಮೆತ್


ಎರ್ಜಿಂಜಾನ್
೨ ಏಪ್ರಿಲ್ ೨೦೧೯

ಅಣ್ಣ,

ಪಾರ್ಸೆಲ್ ಬಂತು. ಅರಳುವ ನಟ್ಟುಗಳನ್ನು ಕಂಡು ಪಕ್ಕದ ಮನೆಯ ಸೆಹೆರ್, "ಅಯ್ಯೋ, ಎಷ್ಟು ಚೆನ್ನಾಗಿವೆ, ಕಿವಿಗೆ ಹಾಕ್ಕೋಬಹುದು" ಅಂದಳು. ಸೆಹೆರ್ ಗೊತ್ತಲ್ಲ, ಜೆವಾತ್ ಸತ್ತಾಗ ನಮ್ಮ ಮನೆಯ ಒಲೆ ಹಚ್ಚಿದವಳು. ಈಗ ನನ್ನ ಜೊತೆ ವ್ಯಾನಿನೊಳಗೆ ಕೂತು ಟಾರ್ಚು ಹಿಡಿಯುತ್ತಾಳೆ, ಬಾಯಿಗೂ ಬಿಡುವು ಕೊಡುವುದಿಲ್ಲ.

ಮಂಚ ಕೂತಿತು. ಒಲೆಯ ಕಟ್ಟೆಯೂ ಕೂತಿತು. ಅದರ ಮೇಲೆ ನಾನೇ ಹತ್ತಿ ಕುಣಿದೆ, ಕಿರ್ ಅನ್ನಲಿಲ್ಲ. ತೂತು ಕೊರೆದ ಕಡೆಯೆಲ್ಲ ತುಕ್ಕು ಹಿಡಿಯದ ಹಾಗೆ ಬಣ್ಣ ಬಳಿದೆ. ಅದನ್ನು ನೀನು ಹೇಳಿರಲಿಲ್ಲ, ನನಗೇ ಹೊಳೆಯಿತು, ಮೆಚ್ಚಿಕೋ.

ಈಗ ಒಂದು ಪ್ರಶ್ನೆ. ನೀನು ಒಂದು ಸಲದ ಪ್ರಯಾಣಕ್ಕೆ ಹೇಳಿದ್ದೀಯ. ಯಾರಾದರೂ ದಿನಾ ಓಡಾಡುವವರಿದ್ದರೆ? ಅದೂ ಡಾಂಬರಿಲ್ಲದ ರಸ್ತೆ, ಬೆಟ್ಟ ಹತ್ತಿ ಇಳಿದು, ಕಲ್ಲು ಮಣ್ಣಿನ ಮೇಲೆ? ಆಗ ನಟ್ಟುಗಳು ಸಡಿಲವಾಗುವುದಿಲ್ಲವೆ? ಆ ಭಾರದ ಕಪಾಟು ಸುಮಾರು ಇನ್ನೂರು ಕಿಲೋ ಇದೆ ಅಂತ ಇಟ್ಟುಕೋ. ನಡುವೆ ಒಂದು ಕಡೆ ನಿಂತಿರಬೇಕು, ಸುತ್ತ ಓಡಾಡಲು ಜಾಗ ಬೇಕು, ಗೋಡೆಗೆ ಒರಗಿಸಲು ಆಗುವುದಿಲ್ಲ.

ಸುಮ್ಮನೆ ತಿಳಿದಿರಲಿ ಅಂತ ಕೇಳಿದೆ.

ಇಲ್ಲಿ ಏಪ್ರಿಕಾಟ್ ಹೂ ಬಿಡುವ ಹೊತ್ತಿಗೆ ಸರಿಯಾಗಿ ಮತ್ತೆ ಹಿಮ ಬಿತ್ತು. ಸಮುದ್ರ ನೋಡಿ ಬಹಳ ದಿನವಾಯಿತು ಅನ್ನಿಸುವುದುಂಟು.

ನೆಸಿಬೆ


ಆಯ್ವಾಲಿಕ್
೧೫ ಏಪ್ರಿಲ್ ೨೦೧೯

ನೆಸಿಬೆ,

ಇನ್ನೂರು ಕಿಲೋ! ನಡುಮಧ್ಯೆ! ಗೋಡೆಗೆ ಒರಗದ ಕಪಾಟು! ಏನು ತರ್ತಿದ್ದೀಯ ತಾಯಿ, ತಾತನ ಗೋರಿಕಲ್ಲಾ? ಜೆವಾತ್‌ನ ನೆನಪಿನದು ಏನೋ ಬಿಟ್ಟು ಬರಲು ಮನಸ್ಸಿಲ್ಲ ಅಂತ ಕಾಣುತ್ತದೆ. ನನಗೆ ಅರ್ಥವಾಗುತ್ತದೆ. ಆದರೂ ಅದನ್ನು ಅಲ್ಲೇ ಬಿಡು. ಕಪಾಟುಗಳು ಇಲ್ಲಿ ಎಷ್ಟು ಬೇಕಾದರೂ ಇವೆ. ಇನ್ನೂರು ಕಿಲೋವನ್ನು ವ್ಯಾನಿನಲ್ಲಿ ಹೇಗೆ ಕೂರಿಸುವುದು ಅಂತ ನಾನು ಹೇಳಿಕೊಡುವುದಿಲ್ಲ, ಕೆಳಗಿಳಿಸು ಅಂತ ಹೇಳುತ್ತೇನೆ. ನಿಂತಾಗ ಅದು ಇನ್ನೂರು ಕಿಲೋ. ಗಕ್ಕನೆ ಬ್ರೇಕು ಹಾಕಿದಾಗ ಹಿಂದಿನಿಂದ ಕೋಣ ಬಂದು ಗುದ್ದಿದ ಹಾಗೆ.

ಉಳಿದವಕ್ಕೆ, ಸಡಿಲವಾಗದ ನಟ್ಟು ಕಳಿಸಿದ್ದೇನೆ, ಬಾಯಲ್ಲಿ ನೈಲಾನಿನ ಉಂಗುರವಿದೆ, ನಡುಗಿದರೂ ತಿರುಗುವುದಿಲ್ಲ. ಆದರೂ ಮೊದಲ ದಿನ ಓಡಿಸಿದ ಮೇಲೆ ಒಮ್ಮೆ ಎಲ್ಲವನ್ನೂ ಬಿಗಿ.

ರಂಜಾನಿಗೆ ಮೊದಲು ಬರುತ್ತೀಯೋ, ಹಬ್ಬಕ್ಕೋ? ಮುವಲ್ಲಾ ಪರದೆಗೆ ಬಟ್ಟೆ ತಂದಿದ್ದಾಳೆ. (ತಂದಿದ್ದೇನೆ, ಆದರೆ ನಿನಗೆ ಅಂತ ತಂದದ್ದಲ್ಲ. ಇವನಿಗೆ ಎಲ್ಲವೂ ನಿನಗೆ ಅಂತಲೇ ಕಾಣುತ್ತದೆ. ನೀನು ಬರುವುದಾದರೆ ಬಾ, ಇಲ್ಲವಾದರೆ ಇವನಿಗೆ ಹೇಳಿಬಿಡು. ಮುವಲ್ಲಾ.)

ಅವಳು ನಡುವೆ ಏನೋ ಬರೆದಳು, ತೋರಿಸಲಿಲ್ಲ.

ಹಿಕ್ಮೆತ್


ಎರ್ಜಿಂಜಾನ್
೧೯ ಮೇ ೨೦೧೯

ಅಣ್ಣ,

ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಉಪವಾಸ ಸುಸೂತ್ರ ನಡೆದಿದೆ. ಬೆರಳಿಗೆ ಸೂಜಿ ಚುಚ್ಚಿಕೊಂಡಿದ್ದೇನೆ, ಅದಕ್ಕೆ ಸೆಹೆರ್ ಕೈಯಲ್ಲಿ ಬರೆಸುತ್ತಿದ್ದೇನೆ.

ಇಲ್ಲಿ ಒಬ್ಬರು ಕೇಳಿದರು. ನೆಲಕ್ಕೆ ಪ್ಲೈವುಡ್ ಹಾಸಿ, ಅದಕ್ಕೆ ಆಂಗಲ್ ಇಟ್ಟು, ಮರದ ಸ್ಕ್ರೂನಿಂದ ಭಾರದ ವಸ್ತುವನ್ನು ಹಿಡಿಸಿದ್ದರೆ, ಆ ಪ್ಲೈವುಡ್ಡೇ ಎದ್ದು ಬಂದರೆ ಏನು ಮಾಡಬೇಕು? ಬೇರೆ ದಾರಿ ಏನಿದೆ? ಅವರಿಗೆ ಸ್ವಲ್ಪ ಅವಸರವಿದೆ. ಚಿತ್ರ ಬರೆದು ಕಳಿಸು.

ನೆಸಿಬೆ

ಹಿಕ್ಮೆತ್ ಅಣ್ಣ, ಇದು ನಾನು, ಸೆಹೆರ್. ಅವಳು ಒಳಗೆ ಹೋಗಿದ್ದಾಳೆ. ಸೂಜಿ ಚುಚ್ಚಿದರೆ ಭುಜಕ್ಕೆ ಪಟ್ಟಿ ಕಟ್ಟುತ್ತಾರಾ? ನಾನು ಹೇಳಿದೆ ಅನ್ನಬೇಡಿ. ನೀವೇ ಕೇಳಿ.


ಆಯ್ವಾಲಿಕ್
೨೭ ಮೇ ೨೦೧೯

ನೆಸಿಬೆ,

ಆ "ಒಬ್ಬರು" ಯಾರು ಅಂತ ಕೇಳುವಷ್ಟು ದಡ್ಡ ನಾನಲ್ಲ.

ಏನು ಎದ್ದು ಬಂತು? ಎಲ್ಲಿಗೆ ಬಂದು ಬಡಿಯಿತು? ನಿನಗೆ ಎಲ್ಲೆಲ್ಲಿ ಪೆಟ್ಟಾಗಿದೆ? ವ್ಯಾನಿನಲ್ಲಿ ಬೇರೆ ಯಾರಿದ್ದರು? ಅದು ಕಪಾಟಲ್ಲ. ಸುತ್ತ ಓಡಾಡಲು ಜಾಗ ಬೇಕಾದ ಕಪಾಟನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಅದೇನು ಅಂತ ಬರೆ. ಅದಕ್ಕೆ ಮೊದಲು ಒಂದು ಗೆರೆಯನ್ನೂ ನಾನು ಬರೆದು ಕಳಿಸುವುದಿಲ್ಲ.

ಹಿಕ್ಮೆತ್

ನೆಸಿಬೆ, ಇವನು ಇಫ್ತಾರಿಗೆ ಕೂತರೂ ಒಂದು ಖರ್ಜೂರ ತಿಂದು ಎದ್ದು ಹೋಗುತ್ತಾನೆ. ನಿಜ ಹೇಳು ತಾಯಿ. ನಿನ್ನ ಅಣ್ಣ ಕೂಗಾಡುತ್ತಾನೆ, ಕೂಗಾಡಲಿ. ಅತ್ತಿಗೆ.


ಎರ್ಜಿಂಜಾನ್
೮ ಜೂನ್ ೨೦೧೯

ಅಣ್ಣ,

ಹಬ್ಬ ಮುಗಿಯಲಿ ಅಂತ ಕಾದೆ. ಪಟ್ಟಿ ಬಿಚ್ಚಿದ್ದಾರೆ. ನಿಧಾನವಾಗಿ ನಾನೇ ಬರೆಯುತ್ತಿದ್ದೇನೆ.

ಅದು ನಮ್ಮ ಉಣ್ಣೆ ಹಿಂಜುವ ಯಂತ್ರ. ಜೆವಾತ್‌ನ ಅಪ್ಪ ಕೊಂಡದ್ದು, ನಾನು ಮದುವೆಯಾಗಿ ಬಂದ ದಿನದಿಂದ ಅದರ ಮುಂದೆ ನಿಂತವಳು. ಹೋದ ಬೇಸಿಗೆಯಲ್ಲಿ ಮುಂಜೂರ್ ಬೆಟ್ಟದ ಮೇಲೆ ಕುರಿಯವರ ಬಿಡಾರಕ್ಕೆ ಗಿಣ್ಣು ತರಲು ಹೋಗಿದ್ದೆ. ಉಣ್ಣೆ ಕತ್ತರಿಸಿ ಹಳ್ಳಕ್ಕೆ ಸುರಿಯುತ್ತಿದ್ದರು. ಬೆಳ್ಳನೆಯ ಉಣ್ಣೆ ಅಣ್ಣ, ಕಲ್ಲಿನ ಮೇಲೆ ತೇಲಿ ಸಿಕ್ಕಿಕೊಂಡಿತ್ತು. "ಯಾಕ್ರೇ ಹೀಗೆ ಮಾಡ್ತೀರಿ?" ಅಂದೆ. "ಕೊಳ್ಳೋರಿಲ್ಲ, ಹಿಂಜೋರಿಲ್ಲ, ಇಟ್ಕೊಂಡು ನುಸಿ ಸಾಕ್ಬೇಕಾ?" ಅಂದಳು ಒಬ್ಬಳು. ರಾತ್ರಿ ಅದೇ ಬಿಡಾರದಲ್ಲಿ ಫೈಬರ್ ರಜಾಯಿ ಹೊದ್ದು ಮಕ್ಕಳು ಗಡಗಡ ನಡುಗುತ್ತವೆ. ಅಂಗಡಿಗೆ ಅವರು ಬರುವುದಿಲ್ಲ, ಹಾಗಾದರೆ ಅಂಗಡಿಯೇ ಅವರ ಹತ್ತಿರ ಹೋಗಬಾರದೇಕೆ ಅನ್ನಿಸಿತು. ಯಂತ್ರ, ಒಂದು ಸಣ್ಣ ಜನರೇಟರು, ನನಗೊಂದು ಹಾಸಿಗೆ. ಅಷ್ಟೇ ನನ್ನ ಮನೆ.

ನೀನು ಬೇಡ ಅನ್ನುತ್ತೀಯ ಅಂತ ಗೊತ್ತಿತ್ತು. ಅದಕ್ಕೆ ಕಪಾಟು ಅಂದೆ.

ಮೇ ತಿಂಗಳಲ್ಲಿ ಕೆಮಾಹ್ ರಸ್ತೆಯಲ್ಲಿ ಓಡಿಸಿ ನೋಡಲು ಹೊರಟೆ. ಸೆಹೆರ್ ಪಕ್ಕದ ಸೀಟಿನಲ್ಲಿ ಕೂತಿದ್ದಳು. ಬೀದಿಯ ತುದಿಗೆ ಬಂದಾಗ, "ತಡಿಯೇ, ಗ್ಯಾಸು ಆರಿಸಿದ್ನೋ ಇಲ್ವೋ" ಅಂತ ಇಳಿದು ಹೋದಳು. ಹೋದವಳು ಮಗಳ ಫೋನು ಬಂತು ಅಂತ ಅಲ್ಲೇ ನಿಂತಳು. ನಾನು ಒಬ್ಬಳೇ ಹೊರಟೆ. ಸೇತುವೆಯ ಹತ್ತಿರ ಟ್ರ್ಯಾಕ್ಟರ್ ಅಡ್ಡ ಬಂತು, ಬ್ರೇಕು ಒತ್ತಿದೆ. ಹಿಂದೆ ಏನೋ ಹರಿದ ಸದ್ದು. ಯಂತ್ರ ಹಲಗೆಯನ್ನೂ ಎಬ್ಬಿಸಿಕೊಂಡು ಬಂದು ಸೆಹೆರ್ ಸೀಟನ್ನು ಮುಂದಕ್ಕೆ ಮಡಚಿಹಾಕಿತು. ಪುಸ್ತಕ ಮುಚ್ಚಿದ ಹಾಗೆ. ಅದರ ಒಂದು ಮೂಲೆ ನನ್ನ ಭುಜಕ್ಕೆ ತಾಗಿತು, ಅಷ್ಟೇ.

ಸೆಹೆರ್ ಬಂದು ಸೀಟು ನೋಡಿದಳು. ಮಾತಾಡಲಿಲ್ಲ. ಅವಳು ಮಾತಾಡದೆ ಇದ್ದದ್ದನ್ನು ನಾನು ಅವತ್ತೇ ಕಂಡದ್ದು.

ನಾನು ಅಲ್ಲಿಗೆ ಬರುತ್ತಿಲ್ಲ ಅಣ್ಣ. ನೀನು ಹಾಗೆ ಅಂದುಕೊಂಡಾಗ ನಾನು ತಿದ್ದಲಿಲ್ಲ. ಈಗ ಹೇಳಿದ್ದೇನೆ. ಬೈಯುವುದಿದ್ದರೆ ಬೈ, ಆದರೆ ಅದನ್ನು ಹೇಗೆ ಕೂರಿಸುವುದು ಅಂತಲೂ ಹೇಳು.

ನೆಸಿಬೆ


ಎರ್ಜಿಂಜಾನ್
೧ ಜುಲೈ ೨೦೧೯

ಹಿಕ್ಮೆತ್ ಅಣ್ಣ,

ಉತ್ತರವಿಲ್ಲ. ಫೋನ್ ಮಾಡಿದೆ, ಅತ್ತಿಗೆ ಎತ್ತಿ "ವರ್ಕ್‌ಶಾಪಲ್ಲಿದ್ದಾನೆ, ಕರೆದ್ರೂ ಬರಲ್ಲ" ಅಂದರು. ಅರ್ಥವಾಯಿತು.

ಒಂದು ಮಾತು ಹೇಳಿಬಿಡುತ್ತೇನೆ. ಮಾರ್ಚಿನಿಂದ ನಿನ್ನ ಒಂದು ಪತ್ರವನ್ನೂ ನೀನು ಬರೆದಿಲ್ಲ. ಎಲ್ಲ ಅತ್ತಿಗೆಯ ಕೈಬರಹ. ಬೇರೆಯವರ ವ್ಯಾನಿಗೆ ಮೊಳೆ ಹೊಡೆಯಲು ನಿನಗೆ ಹೊತ್ತಿದೆ, ತಂಗಿಗೆ ನಾಲ್ಕು ಸಾಲು ಬರೆಯಲು ಇಲ್ಲ. ಆಗಲೇ ಮನಸ್ಸಿಗೆ ಚುಚ್ಚಿತ್ತು, ಹೇಳಿರಲಿಲ್ಲ.

ಉಣ್ಣೆ ಕತ್ತರಿಸಿ ಆಯಿತಂತೆ. ಇನ್ನು ಸ್ವಲ್ಪ ದಿನ ಬಿಟ್ಟರೆ ಹಳ್ಳದ ಪಾಲು. ಸೆಹೆರ್‌ಳ ದಾಯಾದಿ ಒಬ್ಬ ವೆಲ್ಡಿಂಗ್ ಬಲ್ಲವನಿದ್ದಾನೆ. ಅವನ ಕೈಯಲ್ಲಿ ಏನೋ ಒಂದು ಮಾಡಿಸಿಕೊಂಡು ಹತ್ತುತ್ತೇನೆ.

ನೆಸಿಬೆ


ಆಯ್ವಾಲಿಕ್
೬ ಜುಲೈ ೨೦೧೯

ನೆಸಿಬೆ, ನನ್ನ ಬಂಗಾರ,

ಹೊರಡಬೇಡ. ಈ ಪತ್ರ ಮುಟ್ಟುವವರೆಗೆ ನಿಂತಿದ್ದರೆ, ನಾನು ಬರುವವರೆಗೂ ನಿಲ್ಲು.

ಮುವಲ್ಲಾ ಬರೆಯುತ್ತಿರುವುದು ನನಗೆ ಹೊತ್ತಿಲ್ಲ ಅಂತಲ್ಲ. ನನ್ನ ಕೈ ನಡುಗುತ್ತದೆ. ಹೋದ ಶರತ್ಕಾಲದಿಂದ ಜೋರಾಗಿದೆ. ಡಾಕ್ಟರು ಅದಕ್ಕೊಂದು ಹೆಸರು ಹೇಳಿದರು, ಗುಳಿಗೆ ಕೊಟ್ಟರು, ಚಹಾದ ಲೋಟ ತುಟಿಗೆ ಬರುವಷ್ಟರಲ್ಲಿ ಅರ್ಧ ಶರ್ಟಿನ ಮೇಲಿರುತ್ತದೆ. ವರ್ಕ್‌ಶಾಪಿನಲ್ಲಿ ಗಿರಾಕಿಗಳ ವ್ಯಾನು ಒಂದೂ ಇಲ್ಲ. ನಿನಗೆ ಕಳಿಸಿದ್ದು ಕಪಾಟಿನಲ್ಲಿ ಉಳಿದಿದ್ದ ಸಾಮಾನು. ಚಿತ್ರಗಳನ್ನೂ ನಾನು ಬಾಯಲ್ಲಿ ಹೇಳಿದೆ, ಅವಳು ಬರೆದಳು. ಅದಕ್ಕೇ ಬೋಲ್ಟುಗಳು ಬದನೆಕಾಯಿಯ ಹಾಗೆ ಕಾಣುತ್ತಿದ್ದವು.

ನಿನ್ನ ಮೊದಲ ಪತ್ರ ಬಂದಾಗ ನಾನು ಏನು ಅಂದುಕೊಂಡೆ ಗೊತ್ತಾ? ನೆಸಿಬೆ ಬರುತ್ತಾಳೆ, ಡ್ರಿಲ್ಲು ಹಿಡಿಯಬಲ್ಲಳು, ಕೈ ಅವಳದು, ಮಾತು ನನ್ನದು, ಮತ್ತೆ ವರ್ಕ್‌ಶಾಪ್ ತೆಗೆಯಬಹುದು. ದುಃಖದಲ್ಲಿರುವವಳನ್ನು ನೋಡಿಕೊಳ್ಳುತ್ತೇನೆ ಅಂತ ಎಲ್ಲರ ಹತ್ತಿರ ಹೇಳಿಕೊಂಡೆ. ನಿಜವಾಗಿ ನನಗೇ ಜೊತೆ ಬೇಕಾಗಿತ್ತು. ನೀನು ಬರುವುದಿಲ್ಲ ಅಂತ ಓದಿ ಎರಡು ದಿನ ಸಿಟ್ಟು. ಆಮೇಲೆ ಆ ಮಡಚಿದ ಸೀಟು ಕಣ್ಣ ಮುಂದೆ ಬರತೊಡಗಿತು, ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಉತ್ತರ ಬರೆಸಲು ಕೂತೆ, ನಾಲ್ಕು ಸಲ ಹರಿದೆ. ಇದು ಕಾಗದದಲ್ಲಿ ಹೇಳಿ ಆಗುವ ಕೆಲಸವಲ್ಲ. ನಿನ್ನ ವ್ಯಾನಿನ ಹೊಟ್ಟೆಯ ಕೆಳಗೆ ಮಲಗಿ ನೋಡದೆ ನಾನು ಬೋಲ್ಟಿನ ಜಾಗ ಹೇಳುವುದಿಲ್ಲ.

ಅದಕ್ಕೇ ಕಬ್ಬಿಣದ ತಟ್ಟೆಗಳನ್ನು ಕತ್ತರಿಸಲು ಗೆಳೆಯನೊಬ್ಬನಿಗೆ ಕೊಟ್ಟೆ. ಆ ಸೋಮಾರಿ ಮೊನ್ನೆ ಕೊಟ್ಟ. ಗುರುವಾರದ ಬಸ್ಸಿಗೆ ಹೊರಡುತ್ತೇನೆ. ಮುವಲ್ಲಾ ಚೀಲ ಎತ್ತಿ ನೋಡಿ, "ಬಟ್ಟೆ ಎಲ್ಲಿ?" ಅಂದಳು. ಬಟ್ಟೆಗೆ ಜಾಗವಿರಲಿಲ್ಲ.

ಹಿಕ್ಮೆತ್


ಎರ್ಜಿಂಜಾನ್
೨೪ ಜುಲೈ ೨೦೧೯

ಪ್ರೀತಿಯ ಮುವಲ್ಲಾ ಅತ್ತಿಗೆಗೆ,

ಇಲ್ಲಿಂದ ಮರಳಿದ ಅಣ್ಣನ ತಲೆಯ ಹಿಂದೆ ಬುಗುಟೆದ್ದಿದೆ, ಕೇಳಿದರೆ "ಬಸ್ಸಿನಲ್ಲಿ ತಾಗಿತು" ಅನ್ನುತ್ತಾನೆ, ನಿಜವೇನು ಅಂತ ಕೇಳಿದ್ದೀರಿ. ಈ ಪತ್ರವನ್ನು ಅವನ ಎದುರಿಗೇ ಗಟ್ಟಿಯಾಗಿ ಓದಿ.

ಬಂದ ದಿನವೇ ಅಂಗಳದಲ್ಲಿ ಹಳೆಯ ಜಮಖಾನ ಹಾಸಿಕೊಂಡು ವ್ಯಾನಿನ ಕೆಳಗೆ ತೂರಿದ. ಊಟಕ್ಕೆ ಕರೆದರೂ ಕಾಲು ಮಾತ್ರ ಕಾಣುತ್ತಿತ್ತು. ಹೊರಗೆ ಬಂದು, "ಜೆವಾತ್ ವ್ಯಾನು ಚೆನ್ನಾಗಿಟ್ಟಿದ್ದ" ಅಂದ. ಅಷ್ಟು ಕೇಳಿ ನನಗೆ ಸ್ವಲ್ಪ ಹೊತ್ತು ಒಳಗೆ ಹೋಗಬೇಕಾಯಿತು.

ಮಾರನೆಯ ದಿನ ಕೆಲಸ ಶುರು. ಯಂತ್ರವನ್ನು ಹಿಂದಿನ ಚಕ್ರಗಳ ಅಚ್ಚಿಗೆ ಹತ್ತಿರ ಸರಿಸಿದೆವು. ನೆಲದ ಹಲಗೆ ನಂಬುವುದೇ ಬೇಡ ಅಂದ. ಬೋಲ್ಟು ಯಂತ್ರದ ಕಾಲಿನಿಂದ ಇಳಿದು, ಹಲಗೆ ದಾಟಿ, ತಗಡು ದಾಟಿ, ಕೆಳಗಿನ ಅಡ್ಡಪಟ್ಟಿ ದಾಟಿ, ಅದರಡಿಯ ಕಬ್ಬಿಣದ ತಟ್ಟೆಯಲ್ಲಿ ನಟ್ಟಿಗೆ ಸಿಗಬೇಕು. ಆ ತಟ್ಟೆ ಊಟದ ತಟ್ಟೆಯಷ್ಟಿದೆ. "ಬೋಲ್ಟು ಒಂದೇ ಇದ್ರೆ ಸೂಜಿ ಬಟ್ಟೆ ಹರಿದ ಹಾಗೆ ತಗಡು ಹರೀತದೆ, ತಟ್ಟೆ ಇದ್ರೆ ಅಂಗೈ ಇಟ್ಟು ಹಿಡಿದ ಹಾಗೆ" ಅಂದ. ರಜಾಯಿ ಹೊಲಿಯುವವಳಿಗೆ ಇದಕ್ಕಿಂತ ಚೆನ್ನಾಗಿ ಯಾರು ಹೇಳಿಯಾರು?

ನಾನು ಮೇಲಿಂದ ಕೊರೆಯಬೇಕು, ಅವನು ಕೆಳಗಿಂದ ನೋಡಬೇಕು. ಡ್ರಿಲ್ಲು ಗುರ್ ಅಂದ ಕೂಡಲೆ ಕೆಳಗಿನಿಂದ ಒಂದೇ ಅರಚಾಟ: "ನಿಲ್ಸೇ! ನಿಲ್ಸು! ಕೆಳಗೆ ಬ್ರೇಕಿನ ಪೈಪಿದೆ!" ಒಂದು ಬೆರಳಷ್ಟು ಆಚೆ ಸರಿಸಿದೆವು. ಆಮೇಲೆ ನಟ್ಟು ಬಿಗಿಯುವ ಸರದಿ. ಪಾನಾ ಹಿಡಿದ, ಅದು ನಟ್ಟಿನ ಸುತ್ತ ಟಕಟಕ ಬಡಿಯಿತೇ ಹೊರತು ಕೂರಲಿಲ್ಲ. ಎರಡನೆಯ ಸಲ, ಮೂರನೆಯ ಸಲ. ನಾನು ನೋಡದವಳ ಹಾಗೆ ಇದ್ದೆ. ಕೊನೆಗೆ ತಾನೇ ತೆವಳಿ ಹೊರಗೆ ಬಂದು ಪಾನಾ ನನ್ನ ಕೈಯಲ್ಲಿಟ್ಟ. "ನೀನೇ ಮಾಡು. ನಾನು ಹೇಳ್ತೀನಿ" ಅಂದ. ನನಗೆ ಭುಜ ಪೂರ್ತಿ ಏಳುವುದಿಲ್ಲ, ಅವನಿಗೆ ಕೈ ನಿಲ್ಲುವುದಿಲ್ಲ. ಸೆಹೆರ್ ಚಹಾ ತಂದು ನಿಂತು ನೋಡಿ, "ನಿಮ್ಮಿಬ್ರನ್ನೂ ಸೇರಿಸಿದ್ರೂ ಒಬ್ಬ ಪೂರ್ತಿ ಮೇಸ್ತ್ರಿ ಆಗಲ್ವಲ್ರೋ" ಅಂದಳು. ಅಣ್ಣ ನಕ್ಕ. ಬಂದ ಮೇಲೆ ಅದೇ ಮೊದಲ ನಗು.

ಸೆಹೆರ್‌ಳ ದಾಯಾದಿ ಬಂದು ಸೀಟುಗಳ ಹಿಂದೆ ಕಬ್ಬಿಣದ ಸರಳಿನ ತಡೆ ಕೂರಿಸಿದ. ಮುರಿದ ಸೀಟು ತೆಗೆದು ಹಳೆ ಗುಜರಿಯಿಂದ ಬೇರೆ ತಂದು ಹಾಕಿದೆವು.

ಈಗ ಬುಗುಟಿನ ವಿಷಯ.

ಸಕ್ಕರೆ ಕಾರ್ಖಾನೆಯ ಹಿಂದಿನ ಖಾಲಿ ರಸ್ತೆಗೆ ಹೋದೆವು. ಓಡಿಸಿ, ಗಟ್ಟಿಯಾಗಿ ಬ್ರೇಕು ಹಾಕಿ ನೋಡುವುದು ಅಂತ ಮಾತಾಗಿತ್ತು. ನಾನು ಪಕ್ಕದ ಸೀಟಿಗೆ ಮರಳಿನ ಮೂಟೆ ಇಟ್ಟೆ. ಅಣ್ಣ ಬಂದು ಮೂಟೆ ಇಳಿಸಿ ತಾನೇ ಹತ್ತಿ ಕೂತ.

"ಇಳಿ ಅಣ್ಣ."

"ಆಂ?"

"ಇಳಿ ಅಂದೆ!"

"ಕೇಳಿಸ್ತಿಲ್ಲ."

ಅತ್ತಿಗೆ, ಅವನಿಗೆ ಬೇಡವಾದಾಗ ಕಿವಿ ಎಷ್ಟು ಚೆನ್ನಾಗಿ ಕೆಡುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನಾನು ಅತ್ತೆ. ಬೈದೆ. ನಿಮ್ಮ ಹೆಸರು ಹೇಳಿದೆ. ಅವನು ಬೆಲ್ಟು ಎಳೆದುಕೊಂಡು ಕೊಂಡಿಗೆ ಹಾಕಲು ಹೆಣಗುತ್ತಿದ್ದ, ಅದು ಸಿಗುತ್ತಿರಲಿಲ್ಲ. ನಾನೇ ಬಗ್ಗಿ ಹಾಕಿದೆ.

ಹೊರಟೆ. ಗುರುತಿಟ್ಟ ಕಂಬ ಬಂತು, ಕಾಲು ಬ್ರೇಕಿನ ಮೇಲೆ ಹೋಗಲಿಲ್ಲ. ದಾಟಿಬಿಟ್ಟೆ. ತಿರುಗಿಸಿಕೊಂಡು ಬಂದೆ. ಮತ್ತೆ ಆಗಲಿಲ್ಲ. ಕಣ್ಣ ಮುಂದೆ ಆ ಮಡಚಿದ ಸೀಟು. ಗಾಡಿ ನಿಲ್ಲಿಸಿ ಸ್ಟೀರಿಂಗಿನ ಮೇಲೆ ತಲೆಯಿಟ್ಟೆ. ಅವನು ಬೈಯಲಿಲ್ಲ. ಮುಂದೆ ನೋಡಿಕೊಂಡೇ ಕೇಳಿದ, "ಆ ಬೋಲ್ಟುಗಳನ್ನ ಬಿಗಿದದ್ದು ಯಾರು?"

"ನಾನು."

"ನಾನು ಹೇಳಿದಷ್ಟೂ ಬಿಗಿದೆಯಾ?"

"ಬಿಗಿದೆ."

"ಬೆಟ್ಟಕ್ಕೆ ಹೋದ್ಮೇಲೆ ಈ ಸೀಟಲ್ಲಿ ಯಾರ್‍ಯಾರೋ ಕೂರ್ತಾರೆ ನೆಸಿಬೆ. ಬಸುರಿ ಹೆಂಗಸು ಕೂರ್ತಾಳೆ, ಮುದುಕಿ ಕೂರ್ತಾಳೆ. ಅವರನ್ನ ಕೂರಿಸೋ ಧೈರ್ಯ ಇದ್ರೆ ನನ್ನನ್ನೂ ಕೂರಿಸು. ಇಲ್ಲಾಂದ್ರೆ ಯಂತ್ರ ಇವತ್ತೇ ಇಳಿಸೋಣ. ನಾನು ಬೇಜಾರು ಮಾಡ್ಕೊಳಲ್ಲ."

ಮತ್ತೆ ಹೊರಟೆ. ಕಂಬ ಬಂತು. ಒತ್ತಿದೆ.

ಟೈರು ಕಿರುಚಿತು, ಬೆಲ್ಟು ಎದೆ ಹಿಸುಕಿತು, ಧೂಳು ನಮ್ಮನ್ನು ದಾಟಿ ಮುಂದೆ ಹೋಯಿತು. ಹಿಂದೆ ಯಂತ್ರ ಸದ್ದೇ ಮಾಡಲಿಲ್ಲ. ಆದರೆ ಒಲೆಯ ಕಟ್ಟೆಯ ಮೇಲೆ ನಾನು ಮರೆತಿದ್ದ ನೂಲು ಸುತ್ತಿದ ಮರದ ರೀಲೊಂದು ಸರಳಿನ ಸಂದಿಯಿಂದ ಹಾರಿ ಬಂದು ಅವನ ತಲೆಯ ಹಿಂದೆ ಠಪ್ ಅಂತ ಬಡಿಯಿತು. ಇದು ನಿಮ್ಮ ಬುಗುಟು.

ಅವನು ತಲೆ ಸವರಿಕೊಂಡು ನಗಲು ಶುರು ಮಾಡಿದ, ನಾನೂ ನಕ್ಕೆ. ನಗುತ್ತ ಇದ್ದವನು ಯಾವಾಗ ಅಳತೊಡಗಿದ ಅಂತ ಗೊತ್ತಾಗಲಿಲ್ಲ. ಅವನ ಎರಡೂ ಕೈಗಳನ್ನು ಹಿಡಿದುಕೊಂಡೆ. ಅವು ನನ್ನ ಕೈಯೊಳಗೂ ನಡುಗುತ್ತಲೇ ಇದ್ದವು. ಆಮೇಲೆ ವ್ಯಾನಿನ ಕೆಳಗೆ ಹೋಗಿ ಒಂದೊಂದೇ ನಟ್ಟು ಮುಟ್ಟಿ ನೋಡಿದೆವು. ಒಂದೂ ತಿರುಗಿರಲಿಲ್ಲ.

ನಿಮಗೆ ಸಿಟ್ಟು ಬಂದಿರುತ್ತದೆ. ಅರ್ಧ ಅವನಿಗೆ ಕೊಡಿ, ಅರ್ಧ ನನಗೆ ಉಳಿಸಿ.

ನಿಮ್ಮ ನೆಸಿಬೆ


ಆಯ್ವಾಲಿಕ್
೬ ಆಗಸ್ಟ್ ೨೦೧೯

ನೆಸಿಬೆ,

ನೀನು ಹಾಗೆ ಬಿಡಿಸಿ ಬಿಡಿಸಿ ಬರೆಯಬೇಕಾಗಿರಲಿಲ್ಲ. ಮುವಲ್ಲಾ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನಾನು ಹೇಳಿದ್ದನ್ನು ಬರೆಯುತ್ತಾಳೆ, ಆದರೆ ಉತ್ತರ ಕೊಡುವುದಿಲ್ಲ.

ಅವತ್ತು ನನಗೆ ಹೆದರಿಕೆಯಾಗಲಿಲ್ಲವೆ ಅಂತ ನೀನು ಬಸ್‌ಸ್ಟ್ಯಾಂಡಿನಲ್ಲಿ ಕೇಳಿದೆ. ಕೇಳಿಸಲಿಲ್ಲ ಅಂದೆ. ಕೇಳಿಸಿತ್ತು. ಬಹಳ ಹೆದರಿದ್ದೆ. ಬೋಲ್ಟಿನ ಬಗ್ಗೆ ಅಲ್ಲ, ಬೋಲ್ಟು ಸರಿಯಿತ್ತು. ನನ್ನ ಕೈ ಮುಟ್ಟದೆ ಆದ ಕೆಲಸ ಅದೇ ಮೊದಲನೆಯದು. ಅದು ನಿಲ್ಲದಿದ್ದರೆ ನನ್ನ ಮಾತಿಗೂ ಇನ್ನು ಬೆಲೆಯಿಲ್ಲ ಅಂತ ಗೊತ್ತಾಗುತ್ತಿತ್ತು. ಹಾಗೆ ಗೊತ್ತಾದ ಮೇಲೆ ಬಸ್ಸು ಹತ್ತಿ ಮನೆಗೆ ಬರುವುದು ಹೇಗೆ ಅಂತ

(ಇಲ್ಲಿಗೆ ಬಂದಾಗ ನಾನು ಪೆನ್ನು ಇಟ್ಟು ಎದ್ದು ಹೋದೆ. ಸ್ವಲ್ಪ ಹೊತ್ತಾದ ಮೇಲೆ ಬಂದು ಕೂತಿದ್ದೇನೆ. ನಿನ್ನ ಅಣ್ಣನ ಜೊತೆ ಈಗ ಮಾತಾಡುತ್ತಿದ್ದೇನೆ. ಮುವಲ್ಲಾ.)

ಇನ್ನೊಂದು ಸುದ್ದಿ. ಇಬ್ಬರು ಮೇಷ್ಟ್ರು ದಂಪತಿ ವ್ಯಾನು ತಂದಿದ್ದರು. ನನ್ನ ಕೈಲಾಗುವುದಿಲ್ಲ ಅಂತ ವಾಪಸ್ ಕಳಿಸುತ್ತಿದ್ದೆ. ಆ ಹೆಂಗಸು, "ನಾವೇ ಮಾಡ್ತೀವಿ, ನೀವು ಕುರ್ಚಿ ಹಾಕ್ಕೊಂಡು ಬೈತಾ ಇರಿ ಸಾಕು" ಅಂದಳು. ಈಗ ದಿನಾ ಸಂಜೆ ಬೈಯುತ್ತಿದ್ದೇನೆ. ಗಂಡನಿಗೆ ಡ್ರಿಲ್ಲು ಹಿಡಿಯಲು ಬರುವುದಿಲ್ಲ, ಹೆಂಡತಿ ಪರವಾಗಿಲ್ಲ. ಅವರನ್ನು ನೋಡಿ ಇನ್ನೊಬ್ಬ ಬಂದಿದ್ದಾನೆ.

ಕುರ್ಬಾನಿ ಹಬ್ಬಕ್ಕೆ ಬೆಟ್ಟದ ಮೇಲಿರುತ್ತೀಯ ಅಂತ ಕಾಣುತ್ತದೆ. ಕಲ್ಲುರಸ್ತೆಯಲ್ಲಿ ದಿನಾ ಬೆಳಿಗ್ಗೆ ಹೊರಡುವ ಮೊದಲು ಕೆಳಗೆ ತೂರಿ ಮುಟ್ಟಿ ನೋಡು. ಸೋಮಾರಿತನ ಮಾಡಬೇಡ.

ಹಿಕ್ಮೆತ್


ಮುಂಜೂರ್ ಬೆಟ್ಟ
೧೪ ಸೆಪ್ಟೆಂಬರ್ ೨೦೧೯

ಅಣ್ಣನಿಗೆ, ಅತ್ತಿಗೆಗೆ,

ಗಿಣ್ಣು ಒಯ್ಯುವ ಲಾರಿಯವನು ನಾಳೆ ಕೆಳಗೆ ಹೋಗುತ್ತಾನೆ, ಅವನ ಕೈಯಲ್ಲಿ ಕೊಡುತ್ತಿದ್ದೇನೆ. ಕಾಗದಕ್ಕೆ ಉಣ್ಣೆಯ ಜಿಡ್ಡು ಹತ್ತಿದೆ, ಕ್ಷಮಿಸಿ.

ಮೊದಲ ಬಿಡಾರದಲ್ಲಿ ಒಂದು ದಿನ ಪೂರ್ತಿ ಯಾರೂ ಹತ್ತಿರ ಬರಲಿಲ್ಲ. ಪ್ಲಾಸ್ಟಿಕ್ ಬಕೆಟ್ಟು ಮಾರುವವಳು ಅಂದುಕೊಂಡಿದ್ದರಂತೆ. ಮಾರನೆಯ ದಿನ ಜರೀಫೆ ಅನ್ನುವವಳೊಬ್ಬಳು ಒಂದು ಚೀಲ ಉಣ್ಣೆ ತಂದು ನನ್ನ ಕಾಲ ಬಳಿ ಎಸೆದು ಕೈಕಟ್ಟಿ ನಿಂತಳು. "ಹಿಂಜಿ ತೋರ್ಸು ನೋಡೋಣ" ಅಂದಳು. ಯಂತ್ರ ಶುರು ಮಾಡಿದೆ. ಗಂಟು ಗಂಟಾಗಿ, ಮುಳ್ಳು ಹತ್ತಿ, ಮಣ್ಣಿನ ಬಣ್ಣಕ್ಕಿದ್ದದ್ದು ಆ ಬದಿಯಿಂದ ಮೋಡದ ಹಾಗೆ ಬಂತು. ಅವಳು ಕೈ ಬಿಚ್ಚಿದಳು. ಅದರೊಳಗೆ ಮೊಣಕೈವರೆಗೆ ತೂರಿಸಿ, "ಅತ್ತೇ, ಬನ್ನಿ ಇಲ್ಲಿ!" ಅಂತ ಕೂಗಿದಳು. ಸಂಜೆಯ ಹೊತ್ತಿಗೆ ನನ್ನ ವ್ಯಾನಿನ ಸುತ್ತ ಚೀಲಗಳ ಗೋಡೆ. ಜರೀಫೆಯ ಅತ್ತೆ ಹಿಂಜಿದ ರಾಶಿಯ ಮೇಲೆ ಮಲಗಿಬಿಟ್ಟಳು. ಎಬ್ಬಿಸಲು ಹೋದರೆ, "ಹೋಗ್ರೇ, ನಮ್ಮಮ್ಮ ಸತ್ತ ಮೇಲೆ ನಾನು ಇಂಥದ್ರ ಮೇಲೆ ಮಲಗಿಲ್ಲ" ಅಂತ ಕಣ್ಣು ಮುಚ್ಚಿಕೊಂಡಳು.

ಅಲ್ಲಿಂದ ಇನ್ನೂ ಎರಡು ಬಿಡಾರ ದಾಟಿದ್ದೇನೆ. ಬೆಳಿಗ್ಗೆ ಬೆಳಿಗ್ಗೆ ನಾನು ವ್ಯಾನಿನ ಕೆಳಗೆ ತೂರುವುದನ್ನು ನೋಡಿ, ಈ ರಜಾಯಿಯವಳು ಅಲ್ಲಿ ಏನು ಪ್ರಾರ್ಥನೆ ಮಾಡುತ್ತಾಳೆ ಅಂತ ಮಾತಾಡಿಕೊಳ್ಳುತ್ತಾರೆ. ಮೊನ್ನೆ, ಈ ಬಿಡಾರಕ್ಕೆ ಮದುವೆಯಾಗಿ ಬಂದಿರುವ ಜರೀಫೆಯ ಬಸುರಿ ನಾದಿನಿಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಕೆಳಗಿನ ಆಸ್ಪತ್ರೆಗೆ ಇಳಿದೆ. ಒಂದು ತಿರುವಿನಲ್ಲಿ ಮಂದೆ ಅಡ್ಡ ಬಂತು, ಒತ್ತಿ ನಿಲ್ಲಿಸಿದೆ. ಅವಳು ಹೊಟ್ಟೆ ಹಿಡಿದುಕೊಂಡು, "ಅಕ್ಕಾ, ಮೆತ್ತಗೆ!" ಅಂದಳು, ಅಷ್ಟೇ. ಹಿಂದೆ ಏನು ನಿಂತಿದೆ ಅನ್ನುವುದು ಅವಳ ಮನಸ್ಸಿಗೆ ಬರಲೇ ಇಲ್ಲ. ಕುರಿಗಳು ದಾಟುವವರೆಗೂ ತನ್ನ ಅತ್ತೆಯ ದೂರು ಹೇಳುತ್ತ ಕೂತಿದ್ದಳು. ನಾನು ಹೂಂಗುಟ್ಟಿದೆ. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ.

ಹಿಮ ಬಿದ್ದ ಮೇಲೆ ಅಲ್ಲಿಗೆ ಬರುತ್ತೇನೆ. ನೆಲೆಸಲು ಅಲ್ಲ ಅಣ್ಣ, ನೆಂಟಳಾಗಿ. ಆ ಮೇಷ್ಟ್ರಿಗೆ ಅಷ್ಟರಲ್ಲಿ ಡ್ರಿಲ್ಲು ಹಿಡಿಯಲು ಬಾರದಿದ್ದರೆ ನಾನು ಕಲಿಸುತ್ತೇನೆ. ಅತ್ತಿಗೆ, ನನ್ನ ಪಾಲಿನ ಸಿಟ್ಟು ಇನ್ನೂ ಉಳಿದಿದ್ದರೆ ಆಗಲೇ ತೀರಿಸಿಕೊಳ್ಳಿ.

ಈಗ ನಿಲ್ಲಿಸಬೇಕು. ಮೇಲಿನ ಬಿಡಾರದಿಂದ ಒಬ್ಬ ಮುದುಕ ಕುದುರೆ ಹತ್ತಿ ಬಂದಿದ್ದಾನೆ. ಈ ವರ್ಷ ಉಣ್ಣೆಯನ್ನು ಹಳ್ಳಕ್ಕೆ ಹಾಕದೆ ಇಟ್ಟಿದ್ದಾರಂತೆ. ರಜಾಯಿಯವಳು ಯಾವಾಗ ಬರ್ತಾಳೆ ಅಂತ ಕೇಳಿಕೊಂಡು ಬಾ ಅಂತ ಹೆಂಗಸರೆಲ್ಲ ಸೇರಿ ಅಟ್ಟಿದ್ದಾರೆ. ಚಹಾ ಕುಡಿಯುತ್ತ ಕೂತಿದ್ದಾನೆ, ಉತ್ತರ ತೆಗೆದುಕೊಳ್ಳದೆ ಏಳುವುದಿಲ್ಲವಂತೆ. ನಾಳೆ ಬೆಳಿಗ್ಗೆ ಅಂತ ಹೇಳಿದ್ದೇನೆ.

ನೆಸಿಬೆ